ಗೊಬ್ಬರ ತಿಂದ ಸಾಗವಾನಿ ಕಟಗಿ ಹಗುರ ಬರತೈತೇನ್ರಿ?

ಮುಧೋಳದವರು ಕೇಳಿದ್ದು: ಕಬ್ಬಿನ ಹೊಲದ ಒಡ್ಡಿನ ಮ್ಯಾಲೆ 60 ಸಾಗವಾನಿ ಹಚ್ಚೇವ್ರಿ, 5 ವರ್ಷ ಆತು. ಕಬ್ಬಿಗೆ ಹಾಕೂ ಯೂರಿಯಾ ಅವಕ್ಕೂ ಸಿಕ್ಕು ಜೋರ್ ಬೆಳದಾವ. ಊರಾಗ ಹಿರ್ಯಾರು ಗೊಬ್ಬರ ತಿಂದ ಮರದ ಕಟಗಿ ಹಗುರ ಅಂತಾರ. ಖರೇನ? ಅನುಭವ ಇದ್ದವರು ಹೇಳ್ರಿ.

ಗೋಕಾಕ ಕಡೆಯವರು: ಅಣ್ಣಾರ, ನಮ್ಮಲ್ಲೂ ಇದ ಆಗಿತ್ತು. ಕಾಲವಿ ಬಾಜೂಕಿನ ಒಂದು ಮರ 12 ವರ್ಷಕ್ಕ ಮೂರು ಫೂಟು ಸುತ್ತಳತಿ ಬಂತು ಅಂತ ಬಾಗಲ ಚೌಕಟ್ಟಿಗೆ ಕಡದ್ವಿ, ಸಾಮಿಲ್‌ನ್ಯಾಗ ಕೊಯ್ದು ನೋಡಿದ್ರ ನಡಬರಕ ಕೆಚ್ಚು ಅರ್ಧಗೇಣು, ಸುತ್ತಲೂ ನಾಕ್ನಾಕು ಬೆರಳು ಬರೇ ಬಿಳಿ ಕಟಗಿ. ಕೆಚ್ಚಿಗೆ ಗೊರಲಿ ತಡಕೊಳ್ಳೂ ಶಕ್ತಿ ಐತಿ, ಬಿಳೀದಕ್ಕ ಇಲ್ಲ. ಎರಡನೇ ಮಳಿಗಾಲಕ್ಕ ಚೌಕಟ್ಟಿನ ಬುಡಕ್ಕ ಗೊರಲಿ ಹತ್ತೇ ಬಿಟ್ತು, ಆ ಸಂಕಟ ಇನ್ನೂ ಹೋಗಿಲ್ರಿ. ತಪ್ಪು ಯೂರಿಯಾದ್ದಲ್ಲ, ದಪ್ಪ ನೋಡಿ ವಯಸ್ಸು ಮರತಿದ್ದು.

ಖಾನಾಪುರದಾಗ ಬಡಿಗತನ ಮಾಡೋವ್ರು: ಹಗುರ ಅನ್ನೂ ಮಾತು ಸಾಗವಾನಿಗೆ ಹೊಂದೂದಿಲ್ರಿ. ಕೊಯ್ದ ತುದಿ ನುಣ್ಣಗ ಮಾಡಿ ನೀರು ಒರಸಿ ನೋಡ್ರಿ, ವರ್ಷಕ್ಕೊಂದು ಬೀಳೂ ಸುತ್ತಿನ ಸುರುವಿಗೆ ಸೂಜಿ ಚುಚ್ಚಿಧಂಗ ತೂತಿನ ಸಾಲು ಕಾಣತೈತಿ, ಅದರ ಹಿಂದ ಗಟ್ಟಿ ಭಾಗ. ನೀರು ಗೊಬ್ಬರ ಸಿಕ್ಕು ಸುತ್ತು ಅಗಲಾದ್ರ ಹೆಚ್ಚಾಗೂದು ಬಹಳ ಮಾಡಿ ಆ ಗಟ್ಟಿ ಭಾಗನ, ತೂತಿನ ಸಾಲು ಅಷ್ಟಕ್ಕಷ್ಟ. ಪೈನ್ ಮರದ್ದು ಬ್ಯಾರೆ, ಅದಕ್ಕ ಗೊಬ್ಬರ ಬಿದ್ರ ಸುತ್ತಿನಾಗ ಮೆತ್ತನ ಭಾಗ ಜಾಸ್ತಿ ಆಗಿ, ಜೀವಕೋಶದ ಗೋಡಿ ತೆಳ್ಳಗಾಗಿ ಕಟಗಿ ಹಗುರ ಆಗತೈತಿ. ಹಿರ್ಯಾರ ಮಾತು ಅಂಥಾ ಮರಕ್ಕ ಖರೆ.

ಆದ್ರ ಒಂದು ತಿಳೀರಿ, ಮೊದಲಿನ ವರ್ಷಗಳ ಒಳಗಿನ ಕಟಗಿ ಯಾವ ಮರದಾಗೂ ಎಳೇದು, ನಾರು ಗಿಡ್ಡ ಇರತಾವ, ಒಣಗುವಾಗ ಹಲಗಿ ಸೊಟ್ಟ ಆಗತೈತಿ. ಸಣ್ಣ ಗಿಡಕ್ಕ ಗೊಬ್ಬರ ಸುರಿದ್ರ ಆ ಎಳೇ ಭಾಗನ ದೊಡ್ಡದಾಗತೈತಿ. ಮತ್ತ ಟೊಂಗಿ! ಜೋರ್ ಬೆಳಿಯೂ ಗಿಡ ಟೊಂಗಿನೂ ದಪ್ಪ ಮಾಡತೈತಿ, ಹೆಬ್ಬೆರಳ ದಪ್ಪ ಆಗೂದ್ರೊಳಗ ಕಾಂಡಕ್ಕ ಹತ್ತಿಸಿ ಸವರ್ರಿ, ಇಲ್ಲಾಂದ್ರ ಹಲಗಿ ತುಂಬ ಗಂಟು.

ಸಿಂದಗಿಯವರು: ಎರಿ ಹೊಲ ಆದ್ರ ಮೊದಲ ನೀರು ನಿಲ್ಲೂದು ತಪ್ಪಸ್ರಿ, ನಿಂತ ನೀರು ಸಾಗವಾನಿಗೆ ಆಗಿಬರೂದಿಲ್ಲ. ನಮ್ದು ಒಂದು ಸಾಲು ಹಂಗ ಒಣಗಿ ಹೋತು.

ಮುಧೋಳದವರು: ಬಾಳ ಉಪಕಾರ ಆತ್ರಿ ಎಲ್ಲಾರದೂ. ಟೊಂಗಿ ಸವರಾಕ ನಾಳೆ ಆಳು ಹೇಳೇನಿ. ಗೋಕಾಕದ ಅಣ್ಣಾರ, ಉಳದ ಮರ ಯಾವಾಗ ಕಡಿಯವ್ರು ನೀವು?

ಗೋಕಾಕ ಕಡೆಯವರು: 25 ವರ್ಷ ದಾಟೂತನಕ ಕೊಡ್ಲಿ ಮುಟ್ಟಸೂದಿಲ್ರಿ.