ಸೆಕೆಂಡ್ ಹ್ಯಾಂಡ್ ಜಿಪ್ಸಿಯಲ್ಲಿ 60ರ ಮೇಲೆ ನಡುಕ: ಗೇರ್‌ಬಾಕ್ಸ್ ಇಳಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ಹಳೇ ಮಾರುತಿ ಜಿಪ್ಸಿ (ನಾಲ್ಕೂ ಚಕ್ರಕ್ಕೆ ಬಲ ಕೊಡಬಲ್ಲ ಜೀಪು) ತಗೊಂಡಿದ್ದೇನೆ. ಹಿಂದಿನ ಓನರ್ ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟೆಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಗಾಡಿಯನ್ನು ಸ್ವಲ್ಪ ಎತ್ತರಿಸಿದ್ದಾರೆ. 60 ದಾಟಿದರೆ ಸೀಟಿನ ಕೆಳಗೆ ಝುಂ ಅಂತ ನಡುಕ ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಬಿಟ್ಟರೆ ಕಮ್ಮಿ. ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿದೆ, ಏನೂ ವ್ಯತ್ಯಾಸ ಇಲ್ಲ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೂಡಿಗೆರೆಯಿಂದ:

ಸರ್, ಗೇರ್‌ಬಾಕ್ಸ್ ಈಗಲೇ ಇಳಿಸಬೇಡಿ. ನಮ್ಮ ತೋಟದ ಜಿಪ್ಸಿಯಲ್ಲೂ ಇದೇ ಕಾಯಿಲೆ ಇತ್ತು, ಗೇರ್‌ಬಾಕ್ಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮೊದಲು ಖರ್ಚಿಲ್ಲದ ಪರೀಕ್ಷೆ. ಖಾಲಿ, ನೇರ ರಸ್ತೆಯಲ್ಲಿ ನಡುಕ ಬರುವ ಸ್ಪೀಡಿಗೆ ಹೋಗಿ ಒಮ್ಮೆ ನಾಲ್ಕನೇ ಗೇರ್, ಒಮ್ಮೆ ಐದನೇ ಗೇರ್ ಹಾಕಿ ನೋಡಿ. ಆಮೇಲೆ ಕ್ಲಚ್ ಒತ್ತಿ ಗಾಡಿಯನ್ನು ಹಾಗೇ ಉರುಳಲು ಬಿಡಿ. ಇಂಜಿನ್ ಏರಿದರೂ ಇಳಿದರೂ ನಡುಕ ಅದೇ ಸ್ಪೀಡಿನಲ್ಲೇ ಬಂದರೆ ಇಂಜಿನ್, ಕ್ಲಚ್ ಬಿಟ್ಟುಬಿಡಿ. ದೋಷ ಗೇರ್‌ಬಾಕ್ಸಿನಿಂದ ಆಚೆಗಿದೆ.

ಇನ್ನು ನಡುಕ ಎಂಥದ್ದು ಅನ್ನೋದು ಮುಖ್ಯ. ಜಿಪ್ಸಿಯ ಚಕ್ರ 60ರಲ್ಲಿ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಆಕ್ಸಲ್ ನಡುವಿನ ಗೇರು, ಅಂದರೆ ಡಿಫರೆನ್ಷಿಯಲ್‌ನ ಲೆಕ್ಕದಿಂದ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಬಲ ಒಯ್ಯುವ ದಂಡ) ಅದರ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಅಂದರೆ 30ರ ಆಸುಪಾಸು ಸುತ್ತುತ್ತದೆ. ಅದಕ್ಕೇ ಟೈರಿನ ದೋಷ ಗಡಗಡ ಅಂತ ಅಲುಗಾಡಿಸುತ್ತದೆ, ಶಾಫ್ಟಿನ ದೋಷ ಝುಂ ಅಂತ ಪಾದಕ್ಕೆ ಹತ್ತುತ್ತದೆ. ನೀವು ಬರೆದಿರುವುದು ಎರಡನೆಯದು. ಸ್ಟೀರಿಂಗ್ ಮಾತ್ರ ಹೊಯ್ದಾಡುತ್ತಿದ್ದರೆ ನಾನು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಬೇರಿಂಗ್ ನೋಡಿ ಅನ್ನುತ್ತಿದ್ದೆ.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ಚಾಸಿಗೆ ತೂಗಿದೆ. ನಡುವೆ ಒಂದು ಗಿಡ್ಡ ಶಾಫ್ಟ್, ಮುಂದಕ್ಕೊಂದು, ಹಿಂದಕ್ಕೊಂದು. ಮೂರು ಶಾಫ್ಟ್ ಇರುವಾಗ ಒಂದೊಂದನ್ನೇ ಪಕ್ಕಕ್ಕಿಟ್ಟು ನೋಡಬಹುದು, ಈ ಗಾಡಿಯ ದೊಡ್ಡ ಅನುಕೂಲ ಅದು. ಮೊದಲು ಮುಂದಿನ ಶಾಫ್ಟ್ ಬಿಚ್ಚಿ ಟೂ ವೀಲ್‌ನಲ್ಲಿ ಓಡಿಸಿ. ನಡುಕ ಹೋಗಲಿಲ್ಲವಾ? ಅದನ್ನು ಹಾಕಿ ಹಿಂದಿನದನ್ನು ಬಿಚ್ಚಿ, ಮುಂದಿನ ಚಕ್ರಕ್ಕೆ ಹಬ್ ಲಾಕ್ ಇದ್ದರೆ ಲಾಕ್ ಮಾಡಿ, ಫೋರ್ ವೀಲ್ ಹೈಗೆ (4H) ಹಾಕಿ ಮುಂದಿನ ಚಕ್ರದ ಬಲದಲ್ಲೇ ಓಡಿಸಿ. ಹಿಂದಿನ ಶಾಫ್ಟ್ ಇಲ್ಲದ ಕಾರಣ ಟಾರ್ ರಸ್ತೆಯಲ್ಲೂ ಮುಂದೆ ಹಿಂದೆ ಎಳೆದಾಟ ಆಗುವುದಿಲ್ಲ. ಆದರೆ ಒಂದು ಎಚ್ಚರಿಕೆ. ಶಾಫ್ಟ್ ಬಿಚ್ಚಿದ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದೆ ಅಂತ ನಂಬಬೇಡಿ, ಉರುಳಿಬಿಡುತ್ತದೆ. ಬಿಚ್ಚುವ ಮೊದಲೇ ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ.

ಬಿಚ್ಚುವಾಗ ಫ್ಲ್ಯಾಂಜಿಗೂ (ಶಾಫ್ಟಿನ ತುದಿ ಬೋಲ್ಟ್ ಆಗುವ ತಟ್ಟೆ) ಶಾಫ್ಟಿಗೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ನಡುವೆ ಜಾರುವ ಹಲ್ಲಿನ ಸ್ಪ್ಲೈನ್ ಜಾಯಿಂಟ್ ಇದೆಯಲ್ಲ, ಅದರ ಮೇಲೂ ಒಂದು ಗೆರೆ. ಎರಡು ತುದಿಯ ಯೋಕ್‌ಗಳು (ಕವಲಿನ ಹಾಗಿರುವ ಭಾಗ) ಒಂದೇ ಸಾಲಿನಲ್ಲಿ ಇರಬೇಕು. ಯಾರೋ ಹಿಂದೆ ಗ್ರೀಸ್ ಮಾಡಲು ಎಳೆದು ಒಂದು ಹಲ್ಲು ತಪ್ಪಿಸಿ ಕೂರಿಸಿದ್ದರೂ ಸಾಕು, ಎಲ್ಲ ಸಾಮಾನು ಹೊಸದಾಗಿದ್ದರೂ ಗಾಡಿ ನಡುಗುತ್ತದೆ. ನಿಮ್ಮದರಲ್ಲಿ ಮೊದಲು ಅದನ್ನೇ ನೋಡಿ.

ಶಾಫ್ಟ್ ಕೈಗೆ ಬಂದ ಮೇಲೆ ಕ್ರಾಸ್ (ಯೋಕ್‌ಗಳನ್ನು ಜೋಡಿಸುವ + ಆಕಾರದ ಕೀಲು) ನೋಡಿ. ಯೋಕ್ ಹಿಡಿದು ನಿಧಾನವಾಗಿ ಆ ಕಡೆ ಈ ಕಡೆ ಬಾಗಿಸಿ. ಒಳ್ಳೆಯ ಕ್ರಾಸ್ ಒಂದೇ ಸಮ ನುಣ್ಣಗೆ ಹೋಗುತ್ತದೆ. ಕೆಟ್ಟದ್ದು ನಡುವಿಗೆ ಬಂದಾಗ ಟಕ್ ಅಂತ ಹಿಡಿದು ನಿಲ್ಲುತ್ತದೆ, ಯಾಕೆಂದರೆ ಒಳಗಿನ ಸೂಜಿ ಬೇರಿಂಗ್‌ಗಳು ಒಂದೇ ಜಾಗದಲ್ಲಿ ಗುಳಿ ಮಾಡಿಕೊಂಡಿರುತ್ತವೆ. ಬೇರಿಂಗ್ ಕಪ್ಪಿನ ಬಾಯಲ್ಲಿ ಕಾಫಿ ಪುಡಿಯ ಹಾಗೆ ಕಂದು ಪುಡಿ ಕಂಡರೆ ಗ್ರೀಸ್ ಒಣಗಿ ತುಕ್ಕು ಹಿಡಿದಿದೆ ಅಂತ ಅರ್ಥ, ಇನ್ನು ಗ್ರೀಸ್ ಹೊಡೆದು ಪ್ರಯೋಜನ ಇಲ್ಲ. ಅಲುಗಾಟ ಇಲ್ಲ ಅಂತ ಕೆಲವರು ಪಾಸ್ ಮಾಡಿಬಿಡುತ್ತಾರೆ. ಬಿಗಿಯಾಗಿ ಹಿಡಿದ ಕ್ರಾಸ್ ಕೂಡ ಸಡಿಲ ಕ್ರಾಸಿನಷ್ಟೇ ನಡುಗಿಸುತ್ತದೆ.

ಸೋಮವಾರಪೇಟೆಯಿಂದ:

ಅಣ್ಣ ಹೇಳಿದ್ದೆಲ್ಲ ಸರಿ. ನಾನು ಶ್ಯಾಕಲ್ ಬಗ್ಗೆ ಹೇಳುತ್ತೇನೆ, ನನಗೆ ಅದರ ಮೇಲೇ ಅನುಮಾನ. ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಉದ್ದದ ಶ್ಯಾಕಲ್ ಹಾಕಿದರೆ ಪಟ್ಟೆಯ ಹಿಂತುದಿ ಕೆಳಗೆ ಹೋಗಿ ಹೌಸಿಂಗ್ (ಆಕ್ಸಲ್‌ನ ಹೊರಕವಚ) ತಿರುಗುತ್ತದೆ, ಪಿನಿಯನ್ (ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್ ಗೇರು) ಮೂತಿ ಮೇಲಕ್ಕೆ ಏಳುತ್ತದೆ. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್, ಪಿನಿಯನ್ ಫ್ಲ್ಯಾಂಜ್ ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು, ಆಗ ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ಕ್ರಾಸ್ ಸರಿದೂಗಿಸುತ್ತದೆ. ಮಟ್ಟದ ನೆಲದಲ್ಲಿ, ಚಕ್ರದ ಮೇಲೆ ಭಾರ ಇರುವಾಗಲೇ, ಮೊಬೈಲಿನ ಕೋನ ಅಳೆಯುವ ಆ್ಯಪ್ ಇಟ್ಟು ಎರಡೂ ಫ್ಲ್ಯಾಂಜ್ ನೋಡಿ. ಜ್ಯಾಕ್ ಹಾಕಿ ಚಾಸಿ ಎತ್ತಿ ಅಳೆದರೆ ಆಕ್ಸಲ್ ಕೆಳಗೆ ಜೋತುಬಿದ್ದು ಲೆಕ್ಕ ತಪ್ಪುತ್ತದೆ. ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹಳೇ ಅಳತೆಯ ಶ್ಯಾಕಲ್‌ಗೆ ಹಿಂತಿರುಗಿ, ಇಲ್ಲವೇ ಹೌಸಿಂಗಿಗೂ ಪಟ್ಟೆಗೂ ನಡುವೆ ಸ್ಟೀಲಿನ ಬೆಣೆ ಕೊಡಿಸಿ. ಅಲ್ಯೂಮಿನಿಯಂ ಬೆಣೆ ಬೇಡವೇ ಬೇಡ, ತೋಟದ ರಸ್ತೆಯಲ್ಲಿ ಜಜ್ಜಿಹೋಗುತ್ತದೆ. ನನ್ನ ಕೇಳಿದರೆ ಹಳೇ ಶ್ಯಾಕಲ್ಲೇ ಒಳ್ಳೆಯದು.

ಟ್ರಾನ್ಸ್‌ಫರ್ ಕೇಸಿನ ಮೂರು ರಬ್ಬರ್ ಮೌಂಟಿಂಗನ್ನೂ ಹಾರೆ ಹಾಕಿ ಎಬ್ಬಿಸಿ ನೋಡಿ. ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಎಬ್ಬಿಸಿದಾಗ ಕಬ್ಬಿಣದಿಂದ ಕಿತ್ತು ಬಾಯಿ ಬಿಡುತ್ತದೆ.

ಮೈಸೂರಿನಿಂದ, ಲೇತ್ ಕೆಲಸದವನು:

ಎರಡೇ ಮಾತು. ಪಿನಿಯನ್ ಫ್ಲ್ಯಾಂಜ್ ಮೇಲೆ ಕೆಳಗೆ ಆಡುತ್ತಿದ್ದರೆ ಪೈಪ್ ಹಾಕಿ ನಟ್ ಬಿಗಿ ಮಾಡಿಸಬೇಡಿ. ಆ ನಟ್ಟೇ ಬೇರಿಂಗಿಗೆ ಬೇಕಾದಷ್ಟು ಬಿಗಿ, ಅಂದರೆ ಪ್ರೀಲೋಡ್ ಕೊಡುವುದು. ಜಾಸ್ತಿ ಬಿಗಿದರೆ ಬೇರಿಂಗ್ ಕಾದು ಹೋಗುತ್ತದೆ, ಆಮೇಲೆ ಕ್ರೌನ್ ಪಿನಿಯನ್ನಿಗೂ (ಡಿಫರೆನ್ಷಿಯಲ್‌ನ ಗೇರ್ ಜೋಡಿ) ಖರ್ಚು. ಇನ್ನೊಂದು, ಕ್ರಾಸ್ ಬದಲಾಯಿಸಿದ ಮೇಲೆ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಿಯೇ ಹಾಕಿ. ಶಾಫ್ಟಿನ ಮೈಮೇಲೆ ಬೆಸುಗೆಯ ಚಿಕ್ಕ ಚುಕ್ಕಿಗಳು ಮಾತ್ರ ಇದ್ದು ತಗಡು ಇಲ್ಲದಿದ್ದರೆ ಹಳೇ ಬ್ಯಾಲೆನ್ಸ್ ತೂಕ ಉದುರಿದೆ ಅಂತ ತಿಳಿಯಿರಿ. ಕಲ್ಲು ಹೊಡೆದು ನೆಗ್ಗಿದ್ದರೂ ತೋರಿಸಿ, ಬಣ್ಣ ಹೊಡೆದು ಮುಚ್ಚಿಟ್ಟಿರುತ್ತಾರೆ.

ಕೇಳಿದವರಿಂದ:

ಎಲ್ಲರಿಗೂ ಧನ್ಯವಾದ. ಹಿಂದಿನ ಶಾಫ್ಟ್ ಬಿಚ್ಚಿ ಮುಂದಿನದರಲ್ಲಿ ಓಡಿಸಿದೆ, ನಡುಕ ಪೂರ್ತಿ ಹೋಯಿತು. ಪಿನಿಯನ್ ಕಡೆಯ ಕ್ರಾಸ್ ನಡುವಲ್ಲಿ ಹಿಡಿಯುತ್ತಿತ್ತು, ಕಪ್ಪಿನ ಬಾಯಲ್ಲಿ ಕಂದು ಪುಡಿಯೂ ಇತ್ತು. ಕೋನದಲ್ಲೂ ವ್ಯತ್ಯಾಸ ಒಂದು ಡಿಗ್ರಿ ಮೀರಿದೆ. ಎರಡೂ ಕಡೆ ಹೊಸ ಕ್ರಾಸ್ ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ ಜೋಡಿಸಿದೆ. ಈಗ ಮುಕ್ಕಾಲು ಪಾಲು ಕಮ್ಮಿಯಾಗಿದೆ, ಏರಿನಲ್ಲಿ ಒತ್ತಿದಾಗ ಮಾತ್ರ ಸ್ವಲ್ಪ ಉಳಿದಿದೆ. ಅದು ಶ್ಯಾಕಲಿನದೇ ಇರಬೇಕು. ಮೂಲ ಅಳತೆಯ ಹಿಂದಿನ ಶ್ಯಾಕಲ್ ಜೋಡಿ, ಬುಷ್ ಸಮೇತ, ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ತಗೊಳ್ಳುತ್ತೇನೆ.