ಸ್ಟೀಲ್ ಫ್ರೇಮಿಂಗ್, ಮೆಟಲ್ ರೂಫಿಂಗ್: ಬೋರ್ಡಿಗೆ ಕನ್ನಡ ಬೇಕು, ಅರ್ಜೆಂಟು

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಕಡೆ ಒಬ್ಬರು ಷೆಡ್ಡು, ಮನೆ ಎರಡನ್ನೂ ಸ್ಟೀಲಿನಲ್ಲೇ ಕಟ್ಟಿಕೊಡುತ್ತಾರೆ. ಅವರಿಗೆ ಬೋರ್ಡು, ಕರಪತ್ರ ಬರೆದುಕೊಡಬೇಕು. ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕಲ್ಲ. ನಾಳೆ ಸಂಜೆ ಪೇಂಟರ್ ಬರುತ್ತಾರೆ.

ಕೆಲಸ ಇಷ್ಟು: ಕಂಬ, ತೊಲೆ ಎಲ್ಲವನ್ನೂ ಫ್ಯಾಕ್ಟರಿಯಲ್ಲೇ ಅಳತೆಗೆ ಕತ್ತರಿಸಿ, ತೂತು ಹೊಡೆದು, ಸೈಟಿಗೆ ತಂದು ಬೋಲ್ಟ್ ಹಾಕಿ ನಿಲ್ಲಿಸುತ್ತಾರೆ. ಮೇಲೆ ಬಣ್ಣದ ಶೀಟು. 'ಉಕ್ಕಿನ ಚೌಕಟ್ಟು' ಅಂದರೆ ಜನ ಬಾಗಿಲು, ಕಿಟಕಿ ಕೇಳಿಕೊಂಡು ಬರುತ್ತಾರಂತೆ. 'ಶೀಟ್ ಮನೆ' ಅಂದರೆ ಅಗ್ಗದ ಬಾಡಿಗೆ ಮನೆ ನೆನಪಾಗುತ್ತದಂತೆ. 'ತಗಡು' ಅಂತೂ ಬೈಗುಳ. ಬೇರೆ ಏನಿದೆ?

ಮಧುಗಿರಿಯಿಂದ:
ಉಕ್ಕು ಇರುವಾಗ ಸ್ಟೀಲು ಯಾಕೆ ಸ್ವಾಮಿ? ನಮ್ಮ ನಾಡಿನ ಹಳೇ ಉಕ್ಕಿಗೆ ಇಂಗ್ಲಿಷಿನವರು ಹೇಳುವ 'ವೂಟ್ಜ್' ಅನ್ನೋ ಪದ ಹುಟ್ಟಿದ್ದೇ ನಮ್ಮ 'ಉಕ್ಕು' ಪದದಿಂದ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಬುಕಾನನ್ ನಮ್ಮ ಸೀಮೆ ಸುತ್ತಿದಾಗ ಇಲ್ಲಿ ಕಬ್ಬಿಣದ ಕುಲುಮೆಗಳು ಉರಿಯುತ್ತಿದ್ದವು. ಅಂಥ ಜಿಲ್ಲೆಯ ಬೋರ್ಡಿನಲ್ಲಿ 'ಸ್ಟೀಲ್'! 'ಉಕ್ಕಿನ ಹಂದರ, ಉಕ್ಕಿನ ಮಾಡು' ಅಂತ ಬರೆಯಿರಿ. ಅಚ್ಚಗನ್ನಡ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಶಿರಾದಿಂದ:
ಹಂದರ ಮಲ್ಲಿಗೆ ಬಳ್ಳಿಗೆ. ಚಾವಣಿಗೆ 'ಮಾಡು' ಅನ್ನೋದು ಕರಾವಳಿಯ ಮಾತು. ನಮ್ಮೂರಲ್ಲಿ 'ಉಕ್ಕಿನ ಮಾಡು' ಅಂದರೆ 'ಏನು ಮಾಡಲಿ' ಅಂತಾರೆ. ಸುಮ್ನೆ 'ಜಿಂಕ್ ಶೀಟು' ಅಂತ ಹಾಕಿ.

ಶಿಡ್ಲಘಟ್ಟದಿಂದ:
ಜಿಂಕ್ ಶೀಟು ಅನ್ನೋದು ಹಳೇ ಮಾತು. ಈಗ ಜಾಸ್ತಿ ಬಳಸುವ ಗ್ಯಾಲ್ವಲ್ಯೂಮ್ ಶೀಟಿನ ಲೇಪದಲ್ಲಿ ತೂಕದ ಲೆಕ್ಕಕ್ಕೆ ಶೇ 55 ಅಲ್ಯೂಮಿನಿಯಂ, 43.4 ಸತು, ಉಳಿದದ್ದು ಸಿಲಿಕಾನ್. ಒಳಗಿರುವುದು ಉಕ್ಕೇ. ನಮ್ಮ ಕಡೆ ಎಲ್ಲಕ್ಕೂ 'ರೇಕು' ಅಂತೀವಿ, ಮನೆಮಾತು ಕನ್ನಡವಿರಲಿ ತೆಲುಗಿರಲಿ.

ಆದರೆ ಜನ ಬೇಡ ಅನ್ನುವುದು ಹೆಸರು ನೋಡಿ ಅಲ್ಲ, ಸೆಕೆಗೆ ಹೆದರಿ. ರೇಷ್ಮೆ ಹುಳುವಿಗೆ 24ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. ಏಪ್ರಿಲ್ ಮಧ್ಯಾಹ್ನ ಬರೀ ಶೀಟಿನ ಕೆಳಗೆ ನಿಂತರೆ ಮನುಷ್ಯನೇ ತಡೆಯಲ್ಲ, ಇನ್ನು ಹುಳು ಸೊಪ್ಪು ತಿನ್ನುತ್ತಾ? ಅದಕ್ಕೇ ನಮ್ಮವರು ಹುಳು ಮನೆಯ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ. ಪಫ್ ಪ್ಯಾನೆಲ್ ಇದ್ದರೆ ಕರಪತ್ರದಲ್ಲಿ ಅದನ್ನೇ ಮೊದಲು ಹಾಕಿ. 'ಎರಡು ಶೀಟಿನ ನಡುವೆ ಫೋಮ್, ಬಿಸಿಲು ಕೆಳಗಿಳಿಯಲ್ಲ, ಮಳೆ ಸದ್ದೂ ಕಡಿಮೆ' ಅಂತ ಬಿಡಿಸಿ ಬರೆಯಿರಿ. ಇನ್ನೊಂದು, ಕಾಂಕ್ರೀಟ್ ಸ್ಲ್ಯಾಬ್ ಆದರೆ ಹಾಕಿದ ಮೇಲೆ ಕನಿಷ್ಠ 7 ದಿನ ನೀರು ನಿಲ್ಲಿಸಬೇಕು, ಶೀಟಿಗೆ ಅದು ಬೇಡ. ಟ್ಯಾಂಕರ್ ನೀರು ಕೊಳ್ಳುವ ಊರಲ್ಲಿ ಈ ಒಂದು ಸಾಲು ಸಾಕು.

ಮಧುಗಿರಿಯಿಂದ:
ಕೇಳಿದ್ದು ಪದ. ಹುಳದ ಕತೆ ಯಾರು ಕೇಳಿದರು? ರೇಕು ತೆಲುಗು. ಹೀಗೇ ಬಿಟ್ಟುಕೊಟ್ಟು, ಹೆಂಚು ಕೂರಿಸುವ ಮರದ ಪಟ್ಟಿಗೆ 'ರೀಪು' ಅನ್ನೋ ಇಂಗ್ಲಿಷ್ ಪದವೂ ನಮ್ಮ ಹೆಂಚಿನ ಮನೆ ಸೇರಿಕೊಂಡಿತು.

ಮಾಲೂರಿನಿಂದ:
ಮೇಷ್ಟ್ರೇ, ರೀಪು ಇಂಗ್ಲಿಷಲ್ಲ. ಮರಾಠಿಯ 'ರೀಪ್'. ಇಲ್ಲಿದ್ದ ಇಂಗ್ಲಿಷರೇ ನಮ್ಮಿಂದ ಕಲಿತು 'ರೀಪರ್' ಅಂದರು. ಹೆಂಚಿನ ಊರಿನವನು ನಾನು, ಇದೊಂದನ್ನು ಬಿಟ್ಟುಕೊಡಲ್ಲ. ಮೇಸ್ತ್ರಿ ಪೋರ್ಚುಗೀಸ್, ಕಿಟಕಿ ಹಿಂದಿ. ಮನೆ ಕಟ್ಟುವವರ ಬಾಯಲ್ಲಿ ಅಚ್ಚಗನ್ನಡ ಹುಡುಕಿದರೆ ಕಲ್ಲು, ಹೆಂಚು ಸಿಗುತ್ತವೆ. ಮೇಸ್ತ್ರಿಯೇ ಸಿಗಲ್ಲ.

ತುಮಕೂರಿನವರೇ, ಫ್ರೇಮಿಂಗ್‌ಗೆ ಹೆಸರುಪದ ಹುಡುಕುವುದೇ ತಪ್ಪು ದಾರಿ. ನಮ್ಮ ಬೋರ್ಡುಗಳು ಕ್ರಿಯಾಪದದಲ್ಲಿ ಚೆನ್ನಾಗಿ ನಿಲ್ಲುತ್ತವೆ. 'ಉಕ್ಕಿನ ಕಂಬ, ತೊಲೆ ನಿಲ್ಲಿಸಿ ಮನೆ, ಷೆಡ್ಡು ಕಟ್ಟಿಕೊಡುತ್ತೇವೆ. ಬಣ್ಣದ ಶೀಟಿನ ಚಾವಣಿ ಹೊದಿಸುತ್ತೇವೆ.' ಹೊದಿಸುವುದು ಅನ್ನೋದು ಹುಲ್ಲಿನ ಮನೆ ಕಾಲದಿಂದ ಇರುವ ಮಾತು.

ಮಧುಗಿರಿಯಿಂದ:
ಹೊದಿಸುವುದು ಒಪ್ಪಿದೆ. ರೀಪಿಗೆ ಆಧಾರ ಕೊಡಿ.

ಮಾಲೂರಿನಿಂದ:
ಇಲ್ಲಿದ್ದ ಇಂಗ್ಲಿಷರ ಮಾತುಗಳ ಹಳೇ ನಿಘಂಟು ಹಾಬ್ಸನ್-ಜಾಬ್ಸನ್ ತೆಗೆದು ನೋಡಿ.

ತುಮಕೂರಿನಿಂದ:
ಮಾಲೂರಿನವರ ಸಾಲು ಮಾಲೀಕರಿಗೆ ಹಿಡಿಸಿತು. ಫೋಮ್, ನೀರಿನ ಮಾತು ಎರಡೂ ಕರಪತ್ರಕ್ಕೆ ಹೋದವು, ಶಿಡ್ಲಘಟ್ಟದವರಿಗೆ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ. ತೊಲೆಗಳ ಮೇಲೆ ಅಡ್ಡಡ್ಡ ಹಾಕಿ ಶೀಟು ಕೂರಿಸುವ ಪರ್ಲಿನ್‌ಗೆ 'ಅಡ್ಡಪಟ್ಟಿ' ಆಗುತ್ತಾ?

ಮಧುಗಿರಿಯಿಂದ:
ಆಗಲ್ಲ. ಜಂತಿ.