ವೈದ್ಯರ ‘ಬಯಾಸ್’ಗೆ ಪೂರ್ವಗ್ರಹ ಅನ್ನಬಹುದೇ?

ಗೆಳೆಯರೇ,

ಹೌಸ್ ಸರ್ಜನ್‌ಗಳಿಗಾಗಿ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ರೋಗ ಯಾವುದೆಂದು ಗುರುತಿಸುವಾಗ ಡಾಕ್ಟರ ಮನಸ್ಸು ತನಗೇ ಗೊತ್ತಿಲ್ಲದೆ ಒಂದು ಕಡೆಗೆ ವಾಲುತ್ತದಲ್ಲ, ಆ ‘ಕಾಗ್ನಿಟಿವ್ ಬಯಾಸ್’ಗೆ ಯಾವ ಪದ ಹಾಕಲಿ? ಸಾಮಾನ್ಯವಾಗಿ ಕಾಣುವುದು ‘ಪೂರ್ವಗ್ರಹ’. ನನಗೆ ಅದು ಒಗ್ಗುತ್ತಿಲ್ಲ.

‘ಅವರಿಗೆ ನನ್ನ ಮೇಲೆ ಪೂರ್ವಗ್ರಹ’ ಅಂದರೆ ಅದು ದೂರು. ‘ಪಕ್ಷಪಾತ’ ಇನ್ನೂ ಜಾಸ್ತಿ ಚುಚ್ಚುತ್ತದೆ. ಇಲ್ಲಿ ದ್ವೇಷವೂ ಇಲ್ಲ, ಮುಲಾಜೂ ಇಲ್ಲ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾನ್‌ಮನ್ ಬರೆದ ಪ್ರಯೋಗ ನೋಡಿ. 10ಕ್ಕೋ 65ಕ್ಕೋ ನಿಲ್ಲುವ ಹಾಗೆ ಮೊದಲೇ ಅಣಿ ಮಾಡಿದ್ದ ಚಕ್ರ ತಿರುಗಿಸಿದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಎಂದು ಕೇಳಿದರು. 10 ಕಂಡವರ ಅಂದಾಜು 25ರ ಹತ್ತಿರ, 65 ಕಂಡವರದು 45ರ ಹತ್ತಿರ. ಚಕ್ರದ ಅಂಕಿಯ ಮೇಲೆ ಯಾರಿಗೆ ತಾನೇ ಪೂರ್ವಗ್ರಹ ಇರುತ್ತದೆ?

ಮೊದಲು ಕಂಡದ್ದಕ್ಕೇ ಮನಸ್ಸು ಅಂಟಿಕೊಳ್ಳುವ ಇದರ ಹೆಸರು ‘ಆಂಕರಿಂಗ್’. ‘ಲಂಗರು’ ಅನ್ನಬಹುದು, ಆದರೆ ನಮ್ಮ ಬಯಲುಸೀಮೆಯವರ ಕಣ್ಣಿಗೆ ಹಡಗು ಬರುವುದಿಲ್ಲ. ಗೂಟಕ್ಕೆ ಕಟ್ಟಿದ ಹಸು ಕಣ್ಣಿ ಎಟುಕುವಷ್ಟೇ ಮೇಯುತ್ತದೆ, ಅಲ್ವಾ? ‘ಹೆಪ್ಪುಗಟ್ಟು’ ಇದ್ದ ಹಾಗೆ ‘ಗೂಟಗಟ್ಟು’ ಅಂದರೆ ಹೇಗೆ?

ನಮ್ಮ ಅಪ್ಪನಿಗೆ ಶುಗರ್ ಇದೆ. ಒಂದು ರಾತ್ರಿ ಎದೆಗೂಡಿನ ಕೆಳಗೆ ಉರಿ, ಮೈಯೆಲ್ಲ ಬೆವರು. ಡಾಕ್ಟರು ಚೀಟಿಯಲ್ಲಿ ‘ಗ್ಯಾಸ್ಟ್ರಿಕ್’ ಎಂದು ಬರೆದರು. ಮರುದಿನ ಇನ್ನೊಬ್ಬರು ಚೀಟಿ ನೋಡಿ ಅದೇ ಮಾತ್ರೆ ಮುಂದುವರಿಸಿದರು. ಮೂರನೇ ದಿನ ನರ್ಸ್ ಒಬ್ಬರು, ‘ಸಾರ್, ಒಂದು ಇಸಿಜಿ ಮಾಡೋಣ್ವಾ?’ ಅಂದರು. ಹೃದಯಾಘಾತ ಆಗಿತ್ತು. ಅಪ್ಪ ಉಳಿದರು. ಇಬ್ಬರೂ ಅಕ್ಕರೆಯಿಂದಲೇ ನೋಡಿದ್ದರು. ಚೀಟಿಯ ಆ ಒಂದು ಪದವೇ ಗೂಟವಾಗಿತ್ತು.

ಗಾದೆಗಳಲ್ಲೂ ಹುಡುಕಿದೆ. ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಗೊತ್ತಿದ್ದೂ ಮಾಡುವ ಹಟ. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಇನ್ನೂ ಹತ್ತಿರ, ಆದರೆ ಅದನ್ನೂ ನಾವು ಬೈಯುವುದಕ್ಕೇ ಬಳಸುತ್ತೇವೆ.

ಸುಮ್ನೆ ಪದದ ಹಟ ಅಂದುಕೊಳ್ಳಬೇಡಿ. ಕೆನಡಾದ ತುರ್ತು ಚಿಕಿತ್ಸೆಯ ವೈದ್ಯ ಪ್ಯಾಟ್ ಕ್ರಾಸ್ಕೆರಿ ಇಂಥ ತಪ್ಪುದಾರಿಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿದ್ದಾರೆ. ಹೆಸರಿದ್ದರೆ ತಾನೇ ಗುರುತು ಹಿಡಿಯುವುದು? ‘ಇದು ಬೇರೆ ಏನಾದರೂ ಇರಬಹುದಾ?’ ಎಂದು ಡಾಕ್ಟರು ಬಾಯಿಬಿಟ್ಟು ಕೇಳಿಕೊಳ್ಳಬೇಕು. ‘ನನಗೆ ಪೂರ್ವಗ್ರಹ ಇತ್ತು’ ಎಂದು ಕಿರಿಯರ ಮುಂದೆ ಹೇಳುವುದು ಕಷ್ಟ. ‘ನನ್ನ ಮನಸ್ಸು ವಾಲಿತ್ತು’ ಎಂದು ಹೇಳಬಹುದು.

ಹಾಗಾಗಿ ‘ವಾಲಿಕೆ’ ಅಂತ ಬರೆದಿಟ್ಟಿದ್ದೇನೆ. ತಟ್ಟೆ ಖಾಲಿ ಇದ್ದಾಗಲೂ ತಕ್ಕಡಿ ಒಂದು ಕಡೆ ಎಳೆದರೆ ನಿಮ್ಮ ಊರಿನ ಸಂತೆಯಲ್ಲಿ ಅದಕ್ಕೆ ಏನಂತಾರೆ?